ಎಡಸುತ್ತು

ಕಾಡುಬೆಟ್ಟವನ್ನು ಎಡಗಡೆಯಿಂದ ಸುತ್ತಿದರೆ ವಯಸ್ಸು ಇಳಿಯುತ್ತಿತ್ತು. ಬಂದ ದಾರಿಯಲ್ಲೇ ಹಿಂದಿರುಗಿದರೆ ಮತ್ತೆ ಏರುತ್ತಿತ್ತು. ಮಂಡಿನೋವಿನವರೆಲ್ಲ ಭಾನುವಾರ ಅಲ್ಲಿಗೇ ಬರುತ್ತಿದ್ದರು. ಮಕ್ಕಳನ್ನು ಮಾತ್ರ ಹೊತ್ತುಕೊಂಡೇ ನಡೆಯಬೇಕು. ಕಾಲು ನೆಲಕ್ಕೆ ತಾಗದಿದ್ದರೆ ಏನೂ ಆಗುವುದಿಲ್ಲ.

“ಅಕ್ಕಾ, ಮಗೂನ ಕೆಳಗಿಳಿಸ್ಬೇಡಿ,” ಎಂದಿದ್ದ ಗೇಟಿನ ಕಾವಲುಗಾರ.

“ಆರು ವರ್ಷದ ಮಗು, ನೀನೇ ಹೊತ್ಕೊಂಡ್ಬಾ ಕಣಪ್ಪ!” ಎಂದು ಶಶಿಕಲಾ ನಕ್ಕಿದ್ದಳು.

ಹೊಳೆ ದಾಟುವಷ್ಟರಲ್ಲಿ ಸೋತು, ನಾಲ್ಕು ಹೆಜ್ಜೆ ತಾನೇ ಎಂದು ಮಗಳು ಇಂಚರಳನ್ನು ಇಳಿಸಿದಳು. ಎಷ್ಟೋ ವರ್ಷಗಳ ಮೇಲೆ ಮೈ ಹಗುರವಾದ ಸುಖದಲ್ಲಿ ಗುನುಗುತ್ತ ಮುಂದೆ ಮುಂದೆ ನಡೆದಳು. ತಿರುಗಿ ನೋಡಿದರೆ, ಮಗಳ ಶೂಗಳು ದೂರದಲ್ಲೆಲ್ಲೋ ಕಳಚಿ ಬಿದ್ದಿದ್ದವು. ಫ್ರಾಕಿನೊಳಗೆ ಮುಳುಗಿಹೋದ ಕೂಸೊಂದು ಅಂಬೆಗಾಲಿಡುತ್ತ ಬರುತ್ತಿತ್ತು.

ಓಡಿಹೋಗಿ ಎತ್ತಿಕೊಳ್ಳಲು ಬಾಗಿದವಳು ಕೈ ಹಿಂದಕ್ಕೆಳೆದುಕೊಂಡಳು. ಎತ್ತಿಕೊಂಡು ಹೋದರೆ ಮಗಳು ಹೀಗೇ ಉಳಿದುಬಿಡುತ್ತಾಳೆ. ಇಳಿದ ವರ್ಷಗಳನ್ನು ಅವಳೇ ನೆಲ ಮುಟ್ಟಿ ಹತ್ತಬೇಕು.

ಶಶಿಕಲಾ ಕೂಸನ್ನು ದಾಟಿ, ಬಂದ ದಾರಿಯತ್ತ ಹೊರಟಳು. “ಬಾ ಚಿನ್ನಿ, ಅಮ್ಮ ಹೋಗ್ತಾಳೆ ನೋಡು...”

ಕೂಸು ಬಿಕ್ಕಿತು, ಆಮೇಲೆ ಕಿರುಚಿತು. ಹಿಂದಿರುಗಿ ನೋಡಿದರೆ ತಾನು ಓಡಿಹೋಗಿ ಎತ್ತಿಕೊಂಡೇಬಿಡುತ್ತೇನೆಂದು ಹೆದರಿ ಅವಳು ಬರೀ ಕಿವಿಗೊಟ್ಟು ನಡೆದಳು. ಅಳು ಹತ್ತಿರವಾಗುತ್ತಿದೆಯೋ, ದೂರವಾಗುತ್ತಿದೆಯೋ ತಿಳಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಆ ಅಳುವಿನೊಳಗೆ ಮಾತು ಮೂಡಿತು.

“ನಿಲ್ಲಮ್ಮಾ!”

ಅವಳು ನಿಲ್ಲಲಿಲ್ಲ.