ತಂಗೆವ್ವನ ಎಮ್ಮೆ

ಯಾರ ಮೇಲಾದರೂ ಹಲ್ಲು ಮಸೆಯುತ್ತಾ ಕೂತಿದ್ದೀರಾ? ಹಾಗಿದ್ದರೆ ಎರಡು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ...

ನೀಲಾಂಬಿಕಾ ಪಶುವೈದ್ಯಕೀಯ ಕಾಲೇಜೊಂದರಲ್ಲಿ ವೈದ್ಯೆ. ಸಂಶೋಧನೆಯೆಂದರೆ ಅವಳಿಗೆ ಊಟ ನಿದ್ದೆ ಬೇಡ.

ದನಗಳ ಕೆಚ್ಚಲು ಬಾವು ರೋಗಕ್ಕೆ ಹಳ್ಳಿಯವರು ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುತ್ತಾರಲ್ಲ... ಆ ಲೇಪ ಎಲ್ಲಿ ಗುಣ ಕೊಡುತ್ತದೆ, ಎಲ್ಲಿ ಕೊಡುವುದಿಲ್ಲ ಎಂದು ಕೊಟ್ಟಿಗೆ ಕೊಟ್ಟಿಗೆ ಸುತ್ತಿ ಪರೀಕ್ಷಿಸಿದ್ದಳು.

ಅವಳ ಕನಸು ಒಂದು ಮೊಬೈಲ್ ಆ್ಯಪ್. ಕೆಚ್ಚಲಿನ ಫೋಟೋ ತೆಗೆದರೆ ಸಾಕು, 'ಲೇಪ ಸಾಕು' ಅಥವಾ 'ಕೂಡಲೇ ಡಾಕ್ಟರನ್ನು ಕರೆಯಿರಿ' ಎಂದು ಫೋನೇ ಹೇಳಬೇಕು.

ಕೆಲಸ ಅರ್ಧ ಮುಗಿದಿತ್ತು. ಅಷ್ಟರಲ್ಲಿ ಹೆರಿಗೆ ರಜೆ.

ರಜೆ ಮುಗಿಸಿ ಬಂದರೆ ಅವಳ ಕುರ್ಚಿಯಲ್ಲಿ ಬೇರೆ ಯಾರೋ. ಪ್ರಾಜೆಕ್ಟಿನ ಮೇಲೆ ವಿಭಾಗದ ಮುಖ್ಯಸ್ಥ ಡಾ. ಮುರಗೋಡರ ಹೆಸರು.

ಕೇಳಿದ್ದಕ್ಕೆ ಅವರು ಎಲ್ಲರ ಮುಂದೆ ನಕ್ಕರು. "ನೀವು ಕೂಸಿನ ತೊಟ್ಟಿಲಾ ತೂಗ್ರಿ. ಪ್ರಾಜೆಕ್ಟ್ ನಾವ್ ನೋಡ್ಕೋತೀವಿ."

ಅವಳು ಅಲ್ಲಿ ಅಳಲಿಲ್ಲ. ಕೆಲಸ ಬಿಟ್ಟಳು. ತಾಲ್ಲೂಕು ಊರಿನಲ್ಲಿ ಸಣ್ಣ ಕ್ಲಿನಿಕ್ ತೆರೆದಳು. ಆದರೆ ಆ ನಗು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡು ಉಳಿಯಿತು...

ವರ್ಷಗಳು ಕಳೆದ ಮೇಲೆ ಮುರಗೋಡರ ಆ್ಯಪ್ ಪರೀಕ್ಷೆಗೆಂದು ಹಳ್ಳಿಗಳಿಗೆ ಬಂತು. ನೀಲಾಂಬಿಕಾ ಅದೇ ದಿನ ಡೌನ್‌ಲೋಡ್ ಮಾಡಿಕೊಂಡಳು. ಬಳಸಲಿಕ್ಕಲ್ಲ... ತಪ್ಪು ಹುಡುಕಲಿಕ್ಕೆ.

ತಪ್ಪು ಸಿಕ್ಕಿತು.

ಆ್ಯಪ್‌ಗೆ ಕಲಿಸಿದ್ದೆಲ್ಲ ಹಸುಗಳ ಫೋಟೋ. ಎಮ್ಮೆಯ ಕಪ್ಪು ಚರ್ಮದಲ್ಲಿ ಬಾವಿನ ಕೆಂಪು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಕೆಚ್ಚಲು ಕೆಂಡವಾಗಿದ್ದರೂ ಅದು 'ಲೇಪ ಸಾಕು' ಎನ್ನುತ್ತಿತ್ತು!

ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಫೋನ್ ಕೈಗೆತ್ತಿಕೊಂಡಳು... ಹಾಗೇ ಕೆಳಗಿಟ್ಟಳು.

ಮುಂದಿನ ತಿಂಗಳು ಆ್ಯಪ್ ಬಿಡುಗಡೆಯ ಸಮಾರಂಭ. ಅಲ್ಲೇ ಎದ್ದು ನಿಂತು ಎಲ್ಲರೆದುರು ಮಾನ ಕಳೆಯಬೇಕು. ಅವರು ಅವತ್ತು ನಕ್ಕ ಹಾಗೆಯೇ ಜನ ಅವರನ್ನು ನೋಡಿ ನಗಬೇಕು.

ರೊಟ್ಟಿ ಬಡಿಯುವಾಗಲೂ ಅವಳ ಕಣ್ಣ ಮುಂದೆ ಅದೇ. ಕಪ್ಪಿಟ್ಟ ಮುರಗೋಡರ ಮುಖ... ಅದನ್ನು ನೆನೆದೇ ಬಾಯಿ ಸಿಹಿಯಾಗುತ್ತಿತ್ತು. ಅಷ್ಟರೊಳಗೆ ಏನು ಮಹಾ ಆಗಿಬಿಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ಬೆಳಿಗ್ಗೆ ಪಕ್ಕದ ಹಳ್ಳಿಯಿಂದ ಕರೆ ಬಂತು. ತಂಗೆವ್ವ ಎಂಬ ವಿಧವೆ. ಒಂದೇ ಎಮ್ಮೆ, ಅದರ ಹಾಲಿನ ಮೇಲೇ ಮನೆ ನಡೆಯಬೇಕು.

ಹೋಗಿ ನೋಡಿದರೆ ಕೆಚ್ಚಲು ಕಲ್ಲಾಗಿತ್ತು. ಫೋನ್ ಹೇಳಿದ ಹಾಗೆ ತಂಗೆವ್ವ ದಿನಾ ಬರೀ ಲೇಪ ಹಚ್ಚುತ್ತಾ ಕಾದಿದ್ದಳು.

ನೀಲಾಂಬಿಕಾ ಕಲಿತ ವಿದ್ಯೆಯನ್ನೆಲ್ಲ ಸುರಿದಳು. ಎಮ್ಮೆ ಬದುಕಿತು. ಆದರೆ ಎರಡು ಮೊಲೆ ಬತ್ತಿಯೇ ಹೋದವು...

ಕರು ಓಡಿ ಬಂದು ಆ ಬತ್ತಿದ ಮೊಲೆಗೆ ಬಾಯಿ ಹಾಕಿತು. ಗುದ್ದಿತು, ಮತ್ತೆ ಗುದ್ದಿತು. ಕೊನೆಗೆ ಮುಖ ಎತ್ತಿ ಕೂಗಿತು.

ತಂಗೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಂದ ತಪ್ಪಾತ್ರಿ ಅಕ್ಕಾರ. ಓದು ಬರಹ ಇಲ್ಲದಾಕಿ... ಫೋನ್ ನಂಬಿ ಕುಂತ್ನಿ."

ಆ ಮಾತನ್ನು ನೀಲಾಂಬಿಕಾಗೆ ತಾಳಿಕೊಳ್ಳಲಾಗಲಿಲ್ಲ. ತಪ್ಪು ತನಗೆ ಮೊದಲೇ ಗೊತ್ತಿತ್ತು ಎಂದಳು. ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದಳು.

ತಂಗೆವ್ವ ಸೆರಗು ಸರಿಸಿ ಅವಳತ್ತ ತಿರುಗಿದಳು. ಬೈಯಲಿಲ್ಲ, ಶಪಿಸಲಿಲ್ಲ. ಮೆಲ್ಲಗೆ ಕೇಳಿದಳು.

"ನಿಮ್ಮ ಜಗಳ ಅವರ ಜೋಡಿ ಇತ್ತಲ್ರಿ... ನನ್ನ ಎಮ್ಮಿ ನಿಮಗೇನ್ ಮಾಡಿತ್ರಿ?"

ಅಂದು ಮುರಗೋಡರ ಮುಂದೆ ಬಾರದಿದ್ದ ಕಣ್ಣೀರು ಈಗ ಸಗಣಿಯ ನೆಲದ ಮೇಲೆ ಬಿತ್ತು.

ಕೊಟ್ಟಿಗೆಯಿಂದಲೇ ಅವಳು ಮುರಗೋಡರಿಗೆ ಫೋನ್ ಮಾಡಿದಳು. ಇವತ್ತೇ ಆ್ಯಪ್ ನಿಲ್ಲಿಸಬೇಕು, ಎಮ್ಮೆಗಳು ಹಾಳಾಗುತ್ತಿವೆ ಎಂದಳು. ಇದು ನಿಮಗೆ ಯಾವಾಗಿನಿಂದ ಗೊತ್ತು ಎಂದು ಅವರು ಕೇಳಿದರು.

"ಮೊದಲಿಂದ ಗೊತ್ತಿತ್ರಿ. ಅದನ್ನೂ ಹೇಳಾಕ ತಯಾರದೀನಿ."

ಆ್ಯಪ್ ನಿಂತಿತು. ಸಮಾರಂಭ ಮುಂದಕ್ಕೆ ಹೋಯಿತು. ಕಾಲೇಜು ನಡೆಸಿದ ವಿಚಾರಣೆಯಲ್ಲಿ ನೀಲಾಂಬಿಕಾ ಮೊದಲು ತನ್ನ ಮೌನದ ಬಗ್ಗೆ ಹೇಳಿದಳು... ಆಮೇಲೆ, ಆ್ಯಪ್‌ನ ಮೂಲ ಕೆಲಸ ಯಾರದ್ದೆಂದು ಹೇಳಿದಳು. ಮುರಗೋಡರು ತಲೆ ತಗ್ಗಿಸಿ ಒಪ್ಪಿಕೊಳ್ಳಬೇಕಾಯಿತು.

ವರ್ಷಗಟ್ಟಲೆ ಕಾದಿದ್ದ ಮುಖ ಎದುರಿಗೇ ಇತ್ತು, ಕಪ್ಪಿಟ್ಟೇ ಇತ್ತು. ಆದರೆ ಅವಳಿಗೆ ಅದನ್ನು ಕಣ್ತುಂಬ ನೋಡಬೇಕೆಂದು ಅನಿಸಲೇ ಇಲ್ಲ.

ಈಗ ಅವಳು ಆ್ಯಪ್‌ಗೆ ಕಲಿಸಲೆಂದು ಮತ್ತೆ ಕೊಟ್ಟಿಗೆಗಳನ್ನು ಸುತ್ತಿ ಎಮ್ಮೆಗಳ ಫೋಟೋ ತೆಗೆಯುತ್ತಿದ್ದಾಳೆ. ಶುರು ಮಾಡಿದ್ದು ತಂಗೆವ್ವನ ಮನೆಯಿಂದಲೇ. ತಂಗೆವ್ವ ಹಗ್ಗ ಹಿಡಿದು ನಿಂತು ಸಹಕರಿಸಿದಳು.

ಕ್ಷಮಿಸಿದೆ ಎಂದು ಮಾತ್ರ ಅವಳು ಇವತ್ತಿನವರೆಗೂ ಹೇಳಿಲ್ಲ. ಹೇಳು ಎಂದು ನೀಲಾಂಬಿಕಾ ಕೇಳಿಯೂ ಇಲ್ಲ...

ಸೇಡಿನ ಕಲ್ಲು ಗುರಿಯಿಟ್ಟವನನ್ನು ಮುಟ್ಟುವ ಮೊದಲು, ದಾರಿಯಲ್ಲಿ ನಿಂತ ಬಡವರ ತಲೆ ಒಡೆಯುತ್ತದೆ.

ಯಾರದೋ ಮೇಲಿನ ಸಿಟ್ಟಿಗೆ ನೀವು ಇವತ್ತು ಬೇಕೆಂದೇ ನುಂಗಿಕೊಂಡಿರುವ ಮಾತು... ಯಾರ ಮನೆಯ ಅನ್ನ ಕಸಿಯುತ್ತಿರಬಹುದು?