ಅಂಬುಜಕ್ಕನಿಗೆ ಬಂದ ಎರಡು ಕಾಲ್

ಸತ್ತವರು ವರ್ಷಕ್ಕೊಂದೇ ಸಲ, ತಿಥಿ ದಿನ, ಕಾಗೆ ಎಡೆ ಮುಟ್ಟಿದ ಮೇಲೆ ಮನೆಗೆ ಫೋನ್ ಮಾಡ್ತಾರಲ್ಲ, ಅದನ್ನ ಕಳ್ಳರೂ ಹಿಡ್ಕೊಂಡುಬಿಟ್ಟಿದ್ದಾರೆ. ಮೊನ್ನೆ ಎದುರುಮನೆ ಅಂಬುಜಕ್ಕನ ಗಂಡನ ತಿಥಿ. ನಾನು ವಡೆ ತಿಂತಾ ಅಲ್ಲೇ ಕೂತಿದ್ದೆ. ತಾರಸಿ ಮೇಲೆ ಕಾಗೆ ಎಡೆ ಮುಟ್ತು, ಫೋನ್ ಬಂತು. ಅಕ್ಕ ಸ್ಪೀಕರ್ ಹಾಕಿದ್ರು.

"ಅಂಬುಜಾ, ನಾನು ಕಣೇ. ಇಲ್ಲಿ ಕುಡಿಯೋ ನೀರಿಗೂ ಕಾರ್ಡ್ ಕೇಳ್ತಾರೆ. ನಿನ್ನ ಕ್ರೆಡಿಟ್ ಕಾರ್ಡ್ ನಂಬರ್ ಹೇಳು, ಬೇಗ."

ದನಿ ಥೇಟ್ ಅವರದ್ದೇ. ನಾನು ಫೋನಿಗೆ ಕೈ ಅಡ್ಡ ಹಿಡಿದು, "ಅಕ್ಕಾ, ಸತ್ತವರು ಕಾರ್ಡ್ ನಂಬರ್ ಕೇಳಲ್ಲ. ಕಳ್ಳ ಇವನು, ಇಟ್ಬಿಡಿ," ಅಂದೆ.

"ಗೊತ್ತು ಕಣೋ. ನಮ್ಮನೆಯವ್ರು ಸಾಯೋತನಕ 'ಏ, ಇವಳೇ' ಅಂತಲೇ ಕರೆದಿದ್ದು. ನನ್ನ ಹೆಸರು ಅವರ ಬಾಯಲ್ಲಿ ಒಂದಿನಾನೂ ಬರ್ಲಿಲ್ಲ."

ಅಷ್ಟರಲ್ಲಿ ಇನ್ನೊಂದು ಕಾಲ್ ಬರ್ತಿದೆ ಅಂತ ಫೋನು ಬೀಪ್ ಬೀಪ್ ಅಂತು.

"ಅಕ್ಕಾ, ಇದೇ ನಿಮ್ಮ ಯಜಮಾನ್ರು! ಬಿಟ್ರೆ ಇನ್ನು ಮುಂದಿನ ವರ್ಷಾನೇ."

ಅಕ್ಕ ಕಾರ್ಡನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡ್ರು.

"ನಂಬರ್ ಕೊಡಲ್ಲಪ್ಪ," ಅಂತ ಕಳ್ಳನಿಗೆ ಹೇಳಿದ್ರು. "ನನ್ನ ಹೆಸರು ಹಿಡಿದು ಇನ್ನೊಂದ್ಸಲ ಕರಿ."

ಬೀಪ್ ನಿಂತುಹೋಯ್ತು.