ಕಳ್ಳರ ಗೋಡೆ

ಬೇಸಿಗೆ ಏರುತ್ತಿತ್ತು. ನಗರದ ಹಳೆಯ ಠಾಣೆಯನ್ನು ಪೊಲೀಸ್ ವಸ್ತುಸಂಗ್ರಹಾಲಯ ಮಾಡುವ ಕೆಲಸ ಕೊನೆಗೆ ಬಂದಿತ್ತು. ಬಣ್ಣ ಹೊಡೆಯುವ ಮುದುಕ ಏಣಿ ಹತ್ತಿ ಗವಾಕ್ಷಿಗೆ ಹಸಿರು ಬಳಿಯುತ್ತಿದ್ದ. ಕೆಳಗೆ ನಿವೃತ್ತ ದಫೇದಾರರು ಇಲಾಖೆಯ ಚರಿತ್ರೆಯನ್ನು ಒಂದೊಂದೇ ಚಿತ್ರವಾಗಿ ಮೊಳೆಗೆ ನೇತುಹಾಕುತ್ತ ಬಂದಿದ್ದರು: ಕುದುರೆ ಗಸ್ತು, ಮೊದಲ ಜೀಪು, ಮೊದಲ ಮಹಿಳಾ ಪೇದೆಯರ ಸಾಲು. ಕೊನೆಯ ಗೋಡೆ ಕಳ್ಳರದು.

"ಏ ಉಡ, ಇಳಿದು ಬಾರೋ. ಆಗಿನ ನಿನ್ನ ಮೀಸೆ ನೋಡು, ಏನು ಗತ್ತು!" ದಫೇದಾರರು ಹಳೆಯ ಫೋಟೋ ಒಂದನ್ನು ಎತ್ತಿ ಹಿಡಿದು ಕೂಗಿದರು.

ಮುದುಕ ಇಳಿದು ಬಂದ. ಫೋಟೋದಲ್ಲಿ ಅವನದೇ ಮುಖ, ಎದುರಿನಿಂದೊಂದು, ಪಕ್ಕದಿಂದೊಂದು. ಎದೆಯ ಮೇಲೆ ನಂಬರಿನ ಹಲಗೆ. ಅಡಿಯಲ್ಲಿ, "ಉಡ. ಎಂಥ ಗೋಡೆಯನ್ನೂ ಹತ್ತುತ್ತಿದ್ದ." ಅದರ ಕೆಳಗೆ, ಹಿಡಿದವರು ಎಂದು ದಫೇದಾರರ ಹೆಸರು.

"ಇದನ್ನ ತೆಗೆದುಬಿಡಿ ದಫೇದಾರ್ರೇ."

"ಯಾಕೋ? ಪುಕ್ಕಟೆ ಜಾಗ ಸಿಕ್ಕಿದೆ ನಿನಗೆ."

"ನಾಳೆ ಮೊಮ್ಮಗಳ ಶಾಲೆಯವರು ಬರ್ತಾರೆ. ಅವಳಿಗೆ ಗೊತ್ತಿರೋದು ಬಣ್ಣ ಹೊಡೆಯೋ ತಾತ ಒಬ್ಬನೇ." ಮುದುಕ ತನ್ನ ಹರಿದ ಕಿವಿಯನ್ನು ಮುಟ್ಟಿಕೊಂಡ. "ಮೀಸೆ ಹೋಯ್ತು, ಇದು ಹೋಗಿಲ್ಲವಲ್ಲ. ನೋಡಿದ ಕೂಡಲೇ ಗುರುತು ಹಿಡೀತಾಳೆ."

ದಫೇದಾರರು ಸುತ್ತಿಗೆ ಕೆಳಗಿಟ್ಟರು. "ನಿನ್ನದು ಸರಿಯಪ್ಪ. ನನ್ನ ಕಥೆ ಕೇಳು. ಜೀವಮಾನವೆಲ್ಲ ಬಿಸಿಲಲ್ಲಿ ನಿಂತು ಬೂಟು ಸವೆಸಿದೆ. ಈ ಇಡೀ ಕಟ್ಟಡದಲ್ಲಿ ನನ್ನ ಹೆಸರು ಇರೋದು ನಿನ್ನ ಈ ಮೀಸೆಯ ಕೆಳಗೆ ಮಾತ್ರ. ಸೊಸೆ ಬೇರೆ ನೋಡೋಕೆ ಬರ್ತೀನಿ ಅಂದಿದ್ದಾಳೆ. ಅವಳ ಕಣ್ಣಿಗೆ ನಾನು ಇಷ್ಟು ದಿನ ಬರೀ ಊಟಕ್ಕೆ ಕೂರೋ ಮುದುಕ."

ಮುದುಕ ಕುಂಚ ಎತ್ತಿಕೊಂಡ. ಏಣಿ ಹತ್ತಿದ. ಸಂಜೆಯವರೆಗೆ ಇಬ್ಬರೂ ಬೆನ್ನು ತಿರುಗಿಸಿಕೊಂಡೇ ಕೆಲಸ ಮಾಡಿದರು.

ಮರುದಿನ ಮಕ್ಕಳು ಸಾಲಾಗಿ ಬಂದರು. ಕುದುರೆಯ ಚಿತ್ರದ ಮುಂದೆ ಗಲಾಟೆ ಮಾಡಿದರು, ಕಳ್ಳರ ಮುಂದೆ ಪಿಸುಗುಟ್ಟಿದರು. ಎರಡು ಜಡೆಯ ಹುಡುಗಿಯೊಬ್ಬಳು ಹೊರಗೆ ಕಿಟಕಿಗೆ ಬಣ್ಣ ಬಳಿಯುತ್ತಿದ್ದ ತನ್ನ ತಾತನಿಗೆ ಕೈ ಬೀಸಿ, ಗೋಡೆಯತ್ತ ತಿರುಗಿದಳು. ನಡುವೆ ಉಡನಿಗೆಂದು ಹೊಡೆದ ಮೊಳೆ ಖಾಲಿ ಇತ್ತು.

"ಅಜ್ಜ, ಇಲ್ಲಿ ಯಾಕೆ ಯಾರೂ ಇಲ್ಲ?" ಪಕ್ಕದಲ್ಲಿ ನಿಂತಿದ್ದ ದಫೇದಾರರನ್ನು ಕೇಳಿದಳು.

ಹೊರಗೆ ಕುಂಚ ನಿಂತಿತು. ಒಳಗೆ, ಕೋಣೆಯ ಆಚೆ ತುದಿಯಲ್ಲಿ ದಫೇದಾರರ ಸೊಸೆ ಒಂದೊಂದೇ ಚಿತ್ರದ ಅಡಿಬರಹಕ್ಕೆ ಬಗ್ಗಿ, ಮಾವನ ಹೆಸರನ್ನು ಹುಡುಕುತ್ತ ಬರುತ್ತಿದ್ದಳು. ದಫೇದಾರರು ಅವಳನ್ನೊಮ್ಮೆ ನೋಡಿದರು.

"ಅವನಾ?" ಎಂದರು. "ಅವನು ಇನ್ನೂ ಸಿಕ್ಕಿಲ್ಲ, ಮಗು."